ಕೆಳಗೆ ಮಲಗಿದ ಮರಿ ಅಕ್ಷರ

ಸ್ವಲ್ಪ ಕೂತು ಇದನ್ನು ಪೂರ್ತಿ ಕೇಳಿ, ಆಮೇಲೆ ಬೇಕಾದರೆ ನನ್ನನ್ನೇ ಬೈಯಿರಿ.

ನಾನು ಒಂದನೇ ತರಗತಿಗೆ ಓದು ಕಲಿಸುವ ಹೊಸ ಟೀಚರ್. ಇಪ್ಪತ್ತೆರಡು ಮಕ್ಕಳು. ಒಬ್ಬ ಹಾಡಿದರೆ ಕಲಿಯುತ್ತಾನೆ, ಒಬ್ಬಳಿಗೆ ಮರಳಲ್ಲಿ ಬೆರಳಾಡಿಸಬೇಕು. ಎಲ್ಲರೂ ಗುಬ್ಬಿ ಅಂತ ಕರೆಯುವ ಪುಟಾಣಿ ಮಾತ್ರ ಯಾವುದಕ್ಕೂ ಬಗ್ಗಲಿಲ್ಲ. ಒತ್ತಕ್ಷರ ಕಂಡರೆ ಹಾರಿಸಿಬಿಡುತ್ತಿದ್ದಳು. ಬೆಕ್ಕು ಅವಳ ಬಾಯಲ್ಲಿ 'ಬೆಕು', ಅಜ್ಜಿ 'ಅಜಿ'.

ಅವಳನ್ನು ಬಿಡಲು ಬಂದ ಅಜ್ಜಿ ಬಾಗಿಲಲ್ಲೇ ನಕ್ಕರು. "ಮನೇಲಂತೂ ನಂಗ್ಯಾರೂ ಒತ್ತು ಕೊಡಲ್ಲ ಟೀಚರಮ್ಮ, ಈಗ ಪುಸ್ತಕದಲ್ಲೂ ಕಿತ್ಕೊಂಡ್ಲು ನೋಡಿ!"

ಒಂದು ಮಧ್ಯಾಹ್ನ ಬಿಸಿಲು ನೆಲದ ಮೇಲೆ ಹಾಲಿನಂತೆ ಚೆಲ್ಲಿತ್ತು. ಸೀಮೆಸುಣ್ಣದ ಪುಡಿ ಅದರಲ್ಲಿ ಈಜುತ್ತಿತ್ತು. ನಾನು ಗುಬ್ಬಿಯ ಪಕ್ಕ ಬೆಂಚಿನ ಮೇಲೆ ಕೂತೆ.

"ಕೆಳಗಿರೋದನ್ನ ಯಾಕೆ ಬಿಟ್ಬಿಡ್ತೀಯೇ?"

ಅವಳು ತುಟಿಗೆ ಬೆರಳಿಟ್ಟಳು. "ಶ್! ಅದು ಮರಿ ಅಕ್ಷರ ಮಿಸ್. ಮಲಗಿದೆ. ಜೋರಾಗಿ ಓದಿದ್ರೆ ಬೆಚ್ಚಿಬೀಳುತ್ತೆ."

ಪುಸ್ತಕ ನೋಡಿದೆ. ಹೌದಲ್ಲ! ಪ್ರತಿ ಸಾಲಲ್ಲೂ ದೊಡ್ಡ ಅಕ್ಷರದ ಮಡಿಲಿಗೆ ಅಂಟಿಕೊಂಡು ಒಂದೊಂದು ಮರಿ ಮುದುಡಿ ಮಲಗಿತ್ತು. ಅಲ್ಲಿಯವರೆಗೆ ನನಗೇ ಕಂಡಿರಲಿಲ್ಲ.

"ಹಾಗಾದ್ರೆ ಮೆಲ್ಲಗೆ ಎಬ್ಬಿಸೋಣ," ಅಂದು ಬೆಂಚಿನ ಕೆಳಗೆ ಕಾಲು ತಟ್ಟಿದೆ. ಅಜ್, ಟಪ್, ಜಿ.

"ಎದ್ದಿತು!" ಗುಬ್ಬಿ ಪಿಸುಗುಟ್ಟಿದಳು.

ಮೂರೇ ದಿನ. ಇಡೀ ತರಗತಿ ಒತ್ತು ಬಂದಾಗಲೆಲ್ಲ ಟಪ್ ಟಪ್ ಅನ್ನುತ್ತಿತ್ತು. ಕಣ್ಣು ಮುಚ್ಚಿದರೆ ಕೋಣೆಯೇ ದೋಣಿಯಾಗಿ ತೇಲಿದಂತೆ.

ಆಮೇಲೆ ಓದಿನ ಪರೀಕ್ಷೆ ಬಂತು. ನಮ್ಮ ಮುಖ್ಯೋಪಾಧ್ಯಾಯಿನಿ ದೊಡ್ಡ ಮೇಡಂ ಹಾಳೆ ಹಿಡಿದು ಕೂತರು. ಅದರಲ್ಲಿ ಎರಡೇ ಕಲಂ: 'ತಾನೇ ಓದಿದಳು', 'ಸಹಾಯ ಬೇಕಾಯಿತು'. ಎರಡನೆಯದಕ್ಕೆ ಗುರುತು ಬಿದ್ದರೆ ಗೆಳತಿಯರೆಲ್ಲ ಮಹಡಿಯ ಎರಡನೇ ತರಗತಿಗೆ, ಗುಬ್ಬಿ ಮತ್ತೆ ಇಲ್ಲೇ.

"ಕೈ ಕಟ್ಟು. ಕಾಲು ಅಲ್ಲಾಡಿಸ್ಬಾರ್ದು," ಅಂದರು ಮೇಡಂ.

ಗುಬ್ಬಿಯ ಕಾಲು ಕಲ್ಲಾಯಿತು. "ಅ... ಅಜಿ..." ಕಣ್ಣು ನನ್ನ ಕಡೆ ತಿರುಗಿತು.

ನನ್ನ ಕಾಲು ನನ್ನ ಮಾತು ಕೇಳಲಿಲ್ಲ. ಟಪ್.

"ಅಜ್ಜಿ!" ಅಂದಳು. ಆಮೇಲೆ ನಾನು ಉಸಿರೂ ಬಿಡಲಿಲ್ಲ. "ಅಜ್ಜಿ ತೊಟ್ಟಿಲ ಪಕ್ಕ ಕೂತಳು." ಒತ್ತು ಬಂದಾಗಲೆಲ್ಲ ಅವಳ ರೆಪ್ಪೆ ಮಾತ್ರ ಒಮ್ಮೆ ಮುಚ್ಚಿ ತೆರೆಯಿತು, ಅಷ್ಟೇ.

ಮೇಡಂ ಕನ್ನಡಕದ ಮೇಲಿಂದ ನೋಡಿದರು. "ಆ ಸದ್ದು ಯಾರದ್ದು?"

"ನಂದೇ ಮೇಡಂ. ಮೊದಲನೇ ಒತ್ತಿಗೆ ಮಾತ್ರ."

ಅವರು ಬೈಯಲಿಲ್ಲ. ಹಾಳೆ, ಪೆನ್ನು ನನ್ನ ಕಡೆ ತಳ್ಳಿದರು. "ಕಾಲು ನಿಂದು ತಾನೇ? ಗುರುತೂ ನೀನೇ ಹಾಕಮ್ಮ."

ಗುಬ್ಬಿ ನನ್ನ ಸೆರಗು ಎಳೆದಳು. "ಮಿಸ್, ಎಲ್ಲಾ ಮರಿ ಎದ್ವಾ?"

"ಎಲ್ಲಾ ಎದ್ವು ಕಣೇ," ಅಂದೆ. 'ತಾನೇ ಓದಿದಳು' ಕಲಂನಲ್ಲಿ ಗುರುತು ಹಾಕಿದೆ.

ಪೆನ್ನು ನಿಮ್ಮ ಕೈಯಲ್ಲಿದ್ದಿದ್ದರೆ, ನೀವು ಎಲ್ಲಿ ಹಾಕುತ್ತಿದ್ದಿರಿ?