ಒಂದೇ ಕೀಲಿಕೈ

ಅಮ್ಮನ ಮಣಿಕಟ್ಟಿಗೆ ಅಂಟಿಕೊಂಡಿದ್ದ ಆಸ್ಪತ್ರೆಯ ಪಟ್ಟಿಯನ್ನು ಮಗಳು ಹಲ್ಲಿನಿಂದ ಕಚ್ಚಿ ಬಿಡಿಸುತ್ತಿದ್ದಾಗ ಕಾರ್ಖಾನೆಯ ವ್ಯಾನು ಬಂದು ಬಾಗಿಲಲ್ಲಿ ನಿಂತಿತು. ಹೊಲಿಗೆ ವಿಭಾಗದ ಹೆಂಗಸರು ಒಬ್ಬರ ಹಿಂದೊಬ್ಬರು ಇಳಿದರು. ಬೆಳಗಿನ ಕೆಲಸ ಮುಗಿಸಿ ಮೆಷಿನ್ನಿನಿಂದ ನೇರ ಎದ್ದು ಬಂದವರು. ಕೂದಲಲ್ಲಿ, ಭುಜದ ಮೇಲೆ ಇನ್ನೂ ನೂಲಿನ ಚೂರುಗಳಿದ್ದವು. ಕೊನೆಗೆ ಇಳಿದವನು ಸೂಪರ್‌ವೈಸರ್. ಅವನ ಕೈಯಲ್ಲಿ ದೊಡ್ಡದೊಂದು ಹೂವಿನ ಹಾರವಿತ್ತು. ಅದಕ್ಕೆ ಕಟ್ಟಿದ ರಿಬ್ಬನ್ನಿನ ಮೇಲೆ ಸತ್ತವಳ ಹೆಸರಿಗಿಂತ ಕಂಪನಿಯ ಹೆಸರೇ ದಪ್ಪಗಿತ್ತು.

ಅಪ್ಪ ಎದ್ದು ಮನೆಯಲ್ಲಿದ್ದ ಒಂದೇ ಕುರ್ಚಿಯನ್ನು ಅವನಿಗೆ ಬಿಟ್ಟುಕೊಟ್ಟ. ಗೋದಾಮಿನಲ್ಲಿ ಮೂಟೆ ಹೊತ್ತು ಸೊಂಟ ಮುರಿದುಕೊಂಡ ಮೇಲೆ ಅಪ್ಪನಿಗೆ ಏಳುವುದೂ ಕಷ್ಟ, ಕೂರುವುದೂ ಕಷ್ಟ. ಆದರೂ ಎದ್ದ. ದೊಡ್ಡವರು ಬಂದರೆ ಎದ್ದೇಳುವುದು ಅವನ ಮೂಳೆಯಲ್ಲೇ ಬಂದುಬಿಟ್ಟಿತ್ತು.

ಹೆಂಗಸರು ಶವದ ಸುತ್ತ ಕೂತರು. ಎದುರುಮನೆಯ ಅಜ್ಜಿ ಬಂದವರಿಗೆಲ್ಲ ಸತ್ತವಳ ಗುಣಗಾನ ಮಾಡುತ್ತಿದ್ದಳು. ಈ ಬೀದಿಯಲ್ಲಿ ಅವಳಿಗೆ ಎಕ್ಸ್‌ಪ್ರೆಸ್ ಅಂತಲೇ ಹೆಸರಂತೆ. ಸಂಜೆ ವ್ಯಾನು ಇಳಿದಳೆಂದರೆ ಯಾರು ಕರೆದರೂ ನಿಲ್ಲುತ್ತಿರಲಿಲ್ಲ, ಒಂದೇ ಓಟ. ಆಟವಾಡುವ ಮಕ್ಕಳು ಎಕ್ಸ್‌ಪ್ರೆಸ್ ಬಂತು, ದಾರಿ ಬಿಡಿ ಎಂದು ಕೂಗುತ್ತಿದ್ದರಂತೆ. ಚಪ್ಪಲಿ ಒಂದು ಕಡೆ, ಚೀಲ ಒಂದು ಕಡೆ ಎಸೆದು ಹಿತ್ತಲಿಗೆ ಓಡಿದರೆ, ಅಲ್ಲಿನ ಕಕ್ಕಸಿನ ತಗಡಿನ ಬಾಗಿಲು ದಡಾರೆಂದು ಮುಚ್ಚಿದ್ದು ತನ್ನ ಮನೆಗೂ ಕೇಳುತ್ತಿತ್ತು ಎಂದು ಅಜ್ಜಿ ನಕ್ಕಳು.

ಕಾರ್ಖಾನೆಯ ಹೆಂಗಸರು ಯಾರೂ ನಗಲಿಲ್ಲ. ಅವರವರ ಬೀದಿಗಳಲ್ಲಿ ಅವರೂ ಎಕ್ಸ್‌ಪ್ರೆಸ್ಸುಗಳೇ.

*

ಕಾರ್ಖಾನೆಗೆ ತಜ್ಞೆಯೊಬ್ಬಳು ಬಂದಿದ್ದು ಹೋದ ಬೇಸಗೆಯಲ್ಲಿ. ದೊಡ್ಡ ಆಸ್ಪತ್ರೆಯ ವೈದ್ಯೆ, ಒಳ್ಳೆಯವಳು, ನಗುಮುಖದವಳು. ಊಟದ ಕೋಣೆಯಲ್ಲಿ ಪರದೆ ಕಟ್ಟಿಸಿ ಮೂತ್ರಪಿಂಡದ ಚಿತ್ರ ತೋರಿಸಿದಳು. ನೀರು ಕಡಿಮೆಯಾದರೆ ಏನಾಗುತ್ತದೆ, ಮೂತ್ರ ತಡೆದುಕೊಂಡರೆ ಏನಾಗುತ್ತದೆ, ಉರಿ ಬಂದರೆ ನಾಚಿಕೆ ಬಿಟ್ಟು ಯಾಕೆ ಬೇಗ ಬರಬೇಕು, ಎಲ್ಲವನ್ನೂ ಎಳೆ ಎಳೆಯಾಗಿ ಬಿಡಿಸಿ ಹೇಳಿದಳು. ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಕೊನೆಗೆ ಎಲ್ಲರಿಗೂ ಒಂದೊಂದು ನೀಲಿ ನೀರಿನ ಬಾಟಲಿ ಹಂಚಿದರು, ಫೋಟೊ ತೆಗೆದರು. ಫೋಟೊದಲ್ಲಿ ಅಮ್ಮ ಬಾಟಲಿಯನ್ನು ಹಸುಗೂಸಿನ ಹಾಗೆ ಎದೆಗೆ ಒತ್ತಿಕೊಂಡಿದ್ದಾಳೆ.

ಬಟ್ಟೆಯ ಮೇಲೆ ನೀರು ಚೆಲ್ಲೀತು ಎಂದು ಮರುದಿನ ಬೆಳಿಗ್ಗೆ ಆ ಬಾಟಲಿಗಳನ್ನು ಬಾಗಿಲ ಹೊರಗೇ ಇಡಿಸಿದರು.

ಶೌಚಾಲಯದ ಬೀಗ ಮೊದಲೂ ಇತ್ತು, ಆಮೇಲೂ ಇತ್ತು. ಕೀಲಿಕೈ ಕಳೆಯಬಾರದೆಂದು ಅದಕ್ಕೊಂದು ಗೇಣುದ್ದದ ಮರದ ತುಂಡು ಕಟ್ಟಿ ಕೆಂಪು ಬಣ್ಣ ಬಳಿದಿದ್ದರು. ಅದು ಸೂಪರ್‌ವೈಸರನ ಪ್ಯಾಂಟಿನ ಜೇಬಿನಿಂದ ಸದಾ ಇಣುಕುತ್ತಿರುತ್ತಿತ್ತು. ಬೇಕಾದವರು ಎದ್ದು, ಅಷ್ಟೂ ಸಾಲುಗಳನ್ನು ದಾಟಿ, ಅವನ ಮುಂದೆ ನಿಂತು ಕೇಳಬೇಕು. ಅವನು ಮೊದಲು ಗಡಿಯಾರ ನೋಡುತ್ತಿದ್ದ, ಆಮೇಲೆ ಅವಳ ಮೆಷಿನ್ನಿನ ಪಕ್ಕ ಬಿದ್ದ ರಾಶಿ ನೋಡುತ್ತಿದ್ದ, ಆಮೇಲೆ ಇಡೀ ವಿಭಾಗಕ್ಕೆ ಕೇಳುವಂತೆ "ಮತ್ತೆ?" ಎನ್ನುತ್ತಿದ್ದ. ಬೈಗುಳವಲ್ಲ, ಹೊಡೆತವಲ್ಲ, ಬರೀ ಒಂದು ಮಾತು. ಆ ಮಾತಿಗೆ ಹೆದರಿ ಮಕ್ಕಳ ತಾಯಂದಿರು ಬೆಳಗಿನಿಂದ ಗಂಟಲು ಒಣಗಿಸಿಕೊಂಡು ಕೂರುತ್ತಿದ್ದರು. ನೀರು ಕುಡಿಯದಿದ್ದರೆ ಕೇಳುವ ಗೋಜೇ ಇಲ್ಲವಲ್ಲ.

ಅಮ್ಮ ಬಾಟಲಿಯನ್ನು ಮನೆಗೆ ತಂದಳು. ಸಂಜೆ ಹಿತ್ತಲಿನಿಂದ ಬಂದವಳೇ ಅದನ್ನು ತುಂಬಿಸಿ ನಿಂತಲ್ಲೇ ಗಟಗಟನೆ ಕುಡಿದು, "ಡಾಕ್ಟ್ರಮ್ಮ ಹೇಳಿದ್ ಲೆಕ್ಕ ಚುಕ್ತಾ" ಎಂದು ಬಾಯಿ ಒರೆಸಿಕೊಳ್ಳುತ್ತಿದ್ದಳು. ಮಗಳಿಗೆ ನಗು ಬರುತ್ತಿತ್ತು.

*

ಶವಕ್ಕೆ ಹಾರ ಹಾಕಿ ಸೂಪರ್‌ವೈಸರ್ ಕುರ್ಚಿಯಲ್ಲಿ ಕೂತು ತಗ್ಗಿದ ದನಿಯಲ್ಲಿ ಅಪ್ಪನಿಗೆ ಸಮಾಧಾನ ಹೇಳುತ್ತಿದ್ದ. ಕೆಟ್ಟ ಮನುಷ್ಯನೇನಲ್ಲ. ಅವನಿಗೂ ಮೇಲಿನವರಿದ್ದಾರೆ, ಅವನ ಕಿವಿ ಹಿಂಡುವವರು. ಆದರೆ ಸತ್ತವಳ ತಲೆಯ ಬಳಿ ಕೂತು ಅವನು ಹೇಳಿದ್ದು ಇದು:

"ನಮ್ ಕಡೆಯಿಂದ ಏನೂ ಕಮ್ಮಿ ಮಾಡ್ಲಿಲ್ಲ. ಅಂಥಾ ದೊಡ್ಡ ಡಾಕ್ಟ್ರನ್ನ ಕರೆಸಿ ಹೇಳಿಸಿದ್ವಿ, ಬಾಟ್ಲಿ ಕೊಟ್ವಿ. ಕುಡೀದೇ ಇದ್ರೆ ಯಾರೇನ್ ಮಾಡೋಕಾಗುತ್ತೆ ಹೇಳಿ."

ಅಪ್ಪ ತಲೆಯಾಡಿಸಿದ. ಆಸ್ಪತ್ರೆಯಲ್ಲೂ ಹೀಗೇ ಆಗಿತ್ತು. ಉರಿ, ಜ್ವರ ಮತ್ತೆ ಮತ್ತೆ ಬಂದು, ಪ್ರತಿ ಸಲ ಔಷಧಿ ಅಂಗಡಿಯ ಮಾತ್ರೆಯಲ್ಲೇ ಮುಗಿಸಿಕೊಂಡು, ಸೋಂಕು ಮೂತ್ರಪಿಂಡಕ್ಕೇರಿ ರಕ್ತಕ್ಕೆ ಇಳಿದಾಗ ಅಮ್ಮನನ್ನು ಅಲ್ಲಿಗೆ ಸಾಗಿಸಿದ್ದರು. ಅಲ್ಲಿನ ತಜ್ಞನೂ ಎಲ್ಲವನ್ನೂ ಚೆನ್ನಾಗಿ ವಿವರಿಸಿದ. ವಿವರಿಸಿ, ನಿಮ್ಮಂಥವರದ್ದೆಲ್ಲ ನಿರ್ಲಕ್ಷ್ಯ ಎಂದು ಗದರಿದ. ಜ್ವರದಲ್ಲಿ ನಡುಗುತ್ತಿದ್ದ ಅಮ್ಮ "ತಪ್ಪಾಯ್ತು ಸಾರ್" ಎಂದಳು. ಅದೇ ಅವಳ ಕೊನೆಯ ಸ್ಪಷ್ಟ ಮಾತು. ಯಾರ ತಪ್ಪಿಗೆ ಯಾರು ಕ್ಷಮೆ ಕೇಳಿದ್ದು! ವಿವರಿಸುವವರಿಗೆ ಈ ಲೋಕದಲ್ಲಿ ಬರವಿಲ್ಲ. ಬೀಗ ತೆಗೆಯುವವರು ಮಾತ್ರ ಒಬ್ಬರೂ ಇಲ್ಲ.

ಸೂಪರ್‌ವೈಸರ್ ಮಗಳ ಕಡೆ ತಿರುಗಿದ. ಮುಂದಿನ ವಾರದಿಂದ ಅವಳು ಬರಬಹುದು, ಅಮ್ಮನ ಮೆಷಿನ್ನೇ ಅವಳಿಗೆ ಕೊಡಿಸುತ್ತೇನೆ, ಬೇರೆಯವರನ್ನು ಕೂರಿಸುವುದಿಲ್ಲ ಎಂದ. ಅಪ್ಪನ ಮುಖದಲ್ಲಿ ಆ ದಿನ ಮೊದಲ ಸಲ ಜೀವ ಕಾಣಿಸಿತು. ಅವನು ಮಗಳನ್ನೇ ನೋಡಿದ. ಮನೆಯಲ್ಲಿ ದುಡಿಯುವ ಕೈ ಇನ್ನು ಅವಳದೊಂದೇ, ಅವಳಿಗೂ ಅದು ಗೊತ್ತಿತ್ತು. ಅವಳು ಅಮ್ಮನ ಸೆರಗು ಸರಿಮಾಡುತ್ತ ಕೂತಳು.

ಹೊರಗೆ ಶವದ ಗಾಡಿ ಬಂತು. ಸ್ಮಶಾನ ದೂರ, ಹೊರಡೋಣ ಎಂದು ಯಾರೋ ಅವಸರ ಮಾಡಿದರು. ಆಗ ಹೆಂಗಸರ ನಡುವಿನಿಂದ ಕಾಲರ್ ಅಕ್ಕ ಎದ್ದಳು. ಅಮ್ಮನ ಪಕ್ಕದ ಮೆಷಿನ್ನಿನಲ್ಲಿ ಕೂತು ಬರೀ ಕಾಲರ್ ಹೊಲಿದೇ ಮುಪ್ಪಾದವಳು. ಬೆಳಗಿನಿಂದ ತಡೆದುಕೊಂಡಿದ್ದಳೆಂದು ಅವಳು ನಿಂತ ರೀತಿಯೇ ಹೇಳುತ್ತಿತ್ತು. ಹಿತ್ತಲಿನ ಬಾಗಿಲು ಅವಳ ಬೆನ್ನಿಗೇ ಇತ್ತು, ಕೇಳಬೇಕೆಂದರೆ ಮನೆಯವಳಾದ ಮಗಳು ಪಕ್ಕದಲ್ಲೇ ಇದ್ದಳು. ಕಾಲರ್ ಅಕ್ಕ ಎರಡನ್ನೂ ಬಿಟ್ಟು, ಕೂತವರನ್ನು ದಾಟಿಕೊಂಡು ಹೋಗಿ, ಕುರ್ಚಿಯ ಮುಂದೆ ತಲೆ ತಗ್ಗಿಸಿ ನಿಂತಳು.

"ಸಾರ್, ಒಂದ್ ನಿಮ್ಷ ಹೋಗ್ಬರ್ಲಾ?"

ಸೂಪರ್‌ವೈಸರ್ ಗಡಿಯಾರ ನೋಡಿದ. ಜೇಬಿಗೆ ಕೈ ಹಾಕಿದ. ಕೆಂಪು ಮರದ ತುಂಡನ್ನು ಎಳೆದು ಅವಳ ಮುಂದೆ ಹಿಡಿದು, "ಬೇಗ ಬಾ" ಎಂದ.

ತಾನು ಎಲ್ಲಿ ಕೂತಿದ್ದೇನೆ ಎಂಬುದು ಅವನಿಗೆ ಆಗ ಹೊಳೆಯಿತು. ಕಾಲರ್ ಅಕ್ಕನ ಮುಖ ನಾಚಿಕೆಯಿಂದ ಸುಟ್ಟುಹೋಯಿತು. ಅವಳು ಚಾಚಿದ ಕೈಯನ್ನು ಹಿಂದೆಳೆದುಕೊಂಡಳು. ಅವನ ಕೈ ಮಾತ್ರ ಅಲ್ಲೇ ಗಾಳಿಯಲ್ಲಿ ಉಳಿಯಿತು.

ಮಗಳು ಎದ್ದು ಬಂದು ಆ ಕೀಲಿಕೈಯನ್ನು ತೆಗೆದುಕೊಂಡಳು. ಮರದ ತುಂಡು ಬೆಚ್ಚಗಿತ್ತು, ಸಾವಿರ ಕೈಗಳು ಮುಟ್ಟಿ ನುಣುಪಾಗಿತ್ತು. ಅದನ್ನು ಅಮ್ಮನ ಸೊಂಟದ ಬಳಿ, ಕಂಪನಿಯ ಹಾರದ ಕೆಳಗೆ ಸಿಕ್ಕಿಸಿದಳು.

"ಒಂದೇ ಇರೋದಮ್ಮ ಅದು," ಎಂದ ಸೂಪರ್‌ವೈಸರ್.

"ಅಮ್ಮ ಹೋಗ್ಬರ್ಲಿ," ಎಂದಳು ಮಗಳು. "ಆಮೇಲೆ ಕೊಡ್ತೀನಿ."

ಮಗಳು ಕಾಲರ್ ಅಕ್ಕನ ಕೈ ಹಿಡಿದು ಹಿತ್ತಲಿಗೆ ಕರೆದುಕೊಂಡು ಹೋಗಿ ತಗಡಿನ ಬಾಗಿಲು ತೆರೆದು ನಿಂತಳು. ಹೊರಗೆ ಗಾಡಿಯವನು ಹಾರ್ನ್ ಹೊಡೆದ. ಮತ್ತೆ ಹೊಡೆದ. ಯಾರೂ ಅತ್ತ ಹೋಗಲಿಲ್ಲ. ಕಾಲರ್ ಅಕ್ಕನ ಹಿಂದೆ ಇನ್ನೊಬ್ಬಳು ಬಂದು ನಿಂತಳು, ಅವಳ ಹಿಂದೆ ಮತ್ತೊಬ್ಬಳು. ಅಡುಗೆಮನೆ ದಾಟಿ, ಅಮ್ಮನ ತಲೆಯ ಪಕ್ಕದಿಂದ ಹಾದು, ಸೂಪರ್‌ವೈಸರನ ಕುರ್ಚಿಯವರೆಗೂ ಸಾಲು ಬೆಳೆಯಿತು. ಒಬ್ಬೊಬ್ಬಳೂ ಒಳಗೆ ಹೋಗಿ ಬಂದು, ಸಾವಕಾಶವಾಗಿ ಕೈಕಾಲು ತೊಳೆದು, ಅಮ್ಮನ ನೀಲಿ ಬಾಟಲಿಯಿಂದ ನೀರು ಕುಡಿಯುತ್ತಿದ್ದಳು.