ಕೌಂಟರ್ ದಾಟಿ ಬರುವ ಅಕ್ಕ

"ನನ್ನ ರೂಮಲ್ಲಿ ಹಲ್ಲಿ ಇದೆ! ಅದರ ಬಾಡಿಗೇನೂ ನನ್ನ ಹತ್ರಾನೇ ವಸೂಲಿ ಮಾಡ್ತಿದ್ದೀರಾ? ಕರೀರಿ ಮ್ಯಾನೇಜರ್‌ನ! ಈ ರೂಮಿಗೆ ಬಾಗಿಲು ಒಂದೇ ಇರಬಹುದು, ಆದ್ರೆ ನನ್ನ ಕೋಪಕ್ಕೆ ನೂರು ಬಾಗಿಲು!"

ಹೊಟ್ಟೆಗೆ ದಿಂಬು ತುರುಕಿಕೊಂಡು, ಅಮ್ಮನ ಕನ್ನಡಕ ಏರಿಸಿಕೊಂಡು ನಾನು ಅಡುಗೆಮನೆಯ ಮೇಜು ಕುಟ್ಟಿದೆ. ಎದುರಿಗೆ ಕೂತ ಅಕ್ಕ ನಗು ನುಂಗಿಕೊಂಡಳು.

"ಕ್ಷಮಿಸಿ ಸರ್. ನಿಮಗಾದ ತೊಂದರೆ ನನಗೆ ಅರ್ಥ ಆಗುತ್ತೆ," ಅಂದವಳೇ ಎದ್ದು, ಮೇಜು ಸುತ್ತಿ ಬಂದು, ನನ್ನ ಪಕ್ಕದಲ್ಲಿ ನಿಂತಳು.

"ಕಟ್! ಕಟ್! ಮತ್ತೆ ಎದ್ದೆಯಲ್ಲೇ! ಅಕ್ಕ, ಇದು ವಿಡಿಯೋ ಇಂಟರ್‌ವ್ಯೂ ಕಣೇ. ನೀನು ಎದ್ರೆ ಅವರಿಗೆ ಕಾಣೋದು ಬರೀ ಗೋಡೆ. ಹೀರೋಯಿನ್ನೇ ಇಲ್ಲದ ಸಿನಿಮಾನ ಯಾರು ನೋಡ್ತಾರೆ?"

"ನಾನೇನು ಬೇಕೂಂತ ಏಳ್ತೀನೇನೋ, ಡೈಲಾಗ್? ಯಾರಾದ್ರೂ ಕೂಗಾಡಿದ್ರೆ ಕಾಲು ತಾನಾಗೇ ಎದ್ದು ಬಿಡುತ್ತೆ."

ಡೈಲಾಗ್ ಅಂದರೆ ನಾನೇ. ಮನೆಯಲ್ಲಿ ನನ್ನ ನಿಜವಾದ ಹೆಸರು ಯಾರಿಗಾದರೂ ನೆನಪಿದೆಯೋ ಇಲ್ಲವೋ, ಅನುಮಾನ.

ಅಕ್ಕನ ಕಾಲಿನ ಕಥೆ ಸುಳ್ಳಲ್ಲ. ಬಸ್ ನಿಲ್ದಾಣದ ಎದುರಿನ ಲಾಡ್ಜಿನಲ್ಲಿ ಅವಳು ರಿಸೆಪ್ಷನಿಸ್ಟ್. ಬಿಸಿನೀರು ಬರಲಿಲ್ಲ ಅಂತಲೋ, ಪಕ್ಕದ ರೂಮಿನವನ ಗೊರಕೆ ಅಂತಲೋ ಗೆಸ್ಟ್‌ಗಳು ರಂಪ ಎಬ್ಬಿಸುತ್ತಾರೆ. ಬೇರೆಯವರಾದರೆ ಕೌಂಟರಿನ ಹಿಂದೆ ನಿಂತು ವಾದಕ್ಕಿಳಿಯುತ್ತಾರೆ. ಅಕ್ಕ ಮಾತ್ರ ಕೌಂಟರಿನ ಮಡಚು ಹಲಗೆ ಎತ್ತಿ ಹೊರಗೆ ಬಂದು, ಕೂಗುತ್ತಿರುವವನ ಪಕ್ಕದಲ್ಲೇ ನಿಂತು, "ಬನ್ನಿ, ಏನಾಗಿದೆ ನೋಡೋಣ" ಅನ್ನುತ್ತಾಳೆ. ಯಾರೋ ವಾಲ್ಯೂಮ್ ತಿರುವಿದ ಹಾಗೆ ಅವನ ದನಿ ಇಳಿಯುತ್ತದೆ. ಇದು ನಾನೇ ಕಣ್ಣಾರೆ ಕಂಡ ಸೀನ್.

ಆದರೆ ಆ ಲಾಡ್ಜು ಮುಂದಿನ ತಿಂಗಳು ಗೋದಾಮಾಗಲಿದೆ. ಅಷ್ಟರಲ್ಲೇ ದೂರದ ದೇಶದ ಸಮುದ್ರದಂಡೆಯ ಹೋಟೆಲೊಂದು ಅಕ್ಕನನ್ನು ಇಂಟರ್‌ವ್ಯೂಗೆ ಕರೆದಿತ್ತು. ರಿಸೆಪ್ಷನ್ ಕೆಲಸ, ಗಾಜಿನ ಬಾಗಿಲು, ಅದರಾಚೆ ನೀಲಿ ನೀರು. ಆ ಹೋಟೆಲಿನ ಫೋಟೋವನ್ನು ಅಕ್ಕ ಎಷ್ಟು ಸಲ ಹಿಗ್ಗಿಸಿ ನೋಡಿದ್ದಳೆಂದರೆ, ಬಾಗಿಲ ಹಿಡಿಯ ಆಕಾರ ನನಗೂ ಬಾಯಿಪಾಠವಾಗಿತ್ತು.

"ಸಾಕು ಬಿಡೋ ಕೋತಿ, ಅವಳು ಸ್ವಲ್ಪ ಉಸಿರಾಡ್ಲಿ," ಎಂದು ಹೊಲಿಗೆ ಮಿಷನ್ನಿನ ಹಿಂದಿನಿಂದ ಅಮ್ಮ ಗದರಿದಳು. ಊರಿನವರ ಬಟ್ಟೆಯನ್ನೆಲ್ಲ ಪಕ್ಕಕ್ಕಿಟ್ಟು ಅಮ್ಮ, ನಮ್ಮತ್ತೆಯಿಂದ ಕೇಳಿ ತಂದಿದ್ದ ಕಪ್ಪು ಕೋಟನ್ನು ಅಕ್ಕನ ಅಳತೆಗೆ ತರುತ್ತಿದ್ದಳು. ಎಷ್ಟು ಒಳಗೆ ಹಿಡಿದರೂ ಸೊಂಟದ ಹತ್ತಿರ ಜೋಲುತ್ತಿತ್ತು. ಕೊನೆಗೆ ಅದೇ ಬಟ್ಟೆಯ ಪಟ್ಟಿಯೊಂದನ್ನು ಹೊಲಿದು, ಹಿಂದೆ ಗಂಟು ಹಾಕುವಂತೆ ಮಾಡಿದಳು. "ಮುಂದಿನಿಂದ ಯಾರಿಗೂ ಗೊತ್ತಾಗಲ್ಲ," ಅಂದಳು.

ಆ ಪಟ್ಟಿ ಕಂಡದ್ದೇ ತಡ, ನನ್ನ ತಲೆಯಲ್ಲಿ ಬಲ್ಬು ಹತ್ತಿತು.

ಇಂಟರ್‌ವ್ಯೂ ದಿನ ಬೆಳಿಗ್ಗೆ ಮನೆಯೇ ಶೂಟಿಂಗ್ ಸೆಟ್ಟು. ಅಮ್ಮ ಕುಕ್ಕರನ್ನು ಒಲೆಯಿಂದ ಇಳಿಸಿ, ನಲ್ಲಿಯ ಬಾಯಿಗೆ ಬಟ್ಟೆ ಕಟ್ಟಿದಳು. ಮೇಜಿನ ಒಂದು ಕಾಲು ಕುಂಟು. ಲ್ಯಾಪ್‌ಟಾಪ್ ಅಲ್ಲಾಡದಂತೆ ಆ ಕಾಲನ್ನು ಹಿಡಿದುಕೊಂಡು ಮೇಜಿನ ಕೆಳಗೆ ಕೂರುವುದು ನನ್ನ ಪಾತ್ರ. ಅದಕ್ಕೂ ಮೊದಲು, ಕೋಟಿನ ಕಾಲರ್ ಸರಿ ಮಾಡುವ ನೆಪದಲ್ಲಿ, ಅಕ್ಕನ ಬೆನ್ನ ಹಿಂದಿನ ಪಟ್ಟಿಯ ಎರಡು ತುದಿಗಳನ್ನೂ ಪ್ಲಾಸ್ಟಿಕ್ ಕುರ್ಚಿಯ ಸಂದಿಯಲ್ಲಿ ತೂರಿಸಿ ಬಿಗಿಯಾಗಿ ಕಟ್ಟಿಬಿಟ್ಟೆ. ಈಗ ಏಳಲಿ ನೋಡೋಣ! ಡೈರೆಕ್ಟರ್ ಅಂದರೆ ಸುಮ್ಮನೇನಾ?

ಪರದೆಯಲ್ಲಿ ಬೆಳ್ಳಿಕೂದಲಿನ ಮೇಡಂ ಬಂದರು. ಮಾತೆಲ್ಲ ಇಂಗ್ಲಿಷಿನಲ್ಲೇ ನಡೆಯಿತು. ನಿಮಗೋಸ್ಕರ ನಾನು ಡಬ್ಬಿಂಗ್ ಮಾಡಿದ್ದೇನೆ. ಎಲ್ಲಿ ಕೆಲಸ ಮಾಡಿದ್ದೀರಿ, ಯಾಕೆ ಬರಬೇಕು ಅಂತೀರಿ ಎಂದೆಲ್ಲ ಕೇಳಿದರು. ಅಕ್ಕ ನೀರು ಕುಡಿದಷ್ಟು ಸಲೀಸಾಗಿ ಉತ್ತರಿಸಿದಳು. ಕೆಳಗಡೆ ಅವಳ ಪಾದ ಮಾತ್ರ ತಾಳ ಹಾಕುತ್ತಿತ್ತು. ನಾನು ಮೇಜಿನ ಕಾಲನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡೆ.

"ಈಗ ನಾನು ಗೆಸ್ಟ್," ಅಂದರು ಮೇಡಂ. ಮರುಕ್ಷಣವೇ ದನಿ ಬದಲಾಯಿತು. "ಇಡೀ ದಿನ ಪ್ರಯಾಣ ಮಾಡಿ ಬಂದಿದ್ದೀನಿ! ನಾನು ಬುಕ್ ಮಾಡಿದ್ದ ರೂಮನ್ನ ಬೇರೆ ಯಾರಿಗೋ ಕೊಟ್ಟಿದ್ದೀರಿ! ಏನು ನಾಟಕ ಇದು?"

ಅಯ್ಯಪ್ಪಾ, ಎಂಥಾ ನಟನೆ! ನಾನು ಮೇಜಿನ ಕಾಲು ಬಿಟ್ಟು ಚಪ್ಪಾಳೆ ತಟ್ಟುವುದೊಂದು ಬಾಕಿ.

ಅಕ್ಕನ ಪಾದ ತಾಳ ನಿಲ್ಲಿಸಿತು. ಅವಳು ಎದ್ದಳು. ಕುರ್ಚಿಯೂ ಎದ್ದಿತು.

ಬೆನ್ನಿಗೆ ಕುರ್ಚಿ ನೇತುಹಾಕಿಕೊಂಡೇ ಅಕ್ಕ ಮೇಜು ಸುತ್ತಿದಳು. ಕುರ್ಚಿಯ ಕಾಲು ಗೋಡೆಗೆ ತಗುಲಿ ಕಟಕಟ ಅಂದಿತು, ಸೌಟೊಂದು ಕೆಳಗೆ ಬಿತ್ತು. ಅಕ್ಕ ಲ್ಯಾಪ್‌ಟಾಪ್ ಪಕ್ಕಕ್ಕೆ ಬಂದು ನಿಂತಾಗ ಮೇಡಂಗೆ ಕಾಣುತ್ತಿದ್ದದ್ದು ಬರೀ ಗೋಡೆ. ಅಕ್ಕನೂ ಇಲ್ಲ, ಕುರ್ಚಿಯೂ ಇಲ್ಲ.

ಮುಗೀತು ಕಥೆ, ಅಂದುಕೊಂಡು ನಾನು ಮೇಜಿನ ಕೆಳಗಿಂದ ತಲೆ ಎತ್ತಿದೆ. "ಮೇಡಂ, ಸಣ್ಣ ತಾಂತ್ರಿಕ ದೋಷ..."

ಡ್ರಾಯರ್ ಮುಚ್ಚುವ ಹಾಗೆ ಅಕ್ಕನ ಕೈ ನನ್ನ ತಲೆಯನ್ನು ಮತ್ತೆ ಕೆಳಕ್ಕೆ ಒತ್ತಿತು.

"ಎಲ್ಲಿ ಹೋದ್ರಿ ನೀವು?" ಮೇಡಂ ಕೇಳಿದರು.

"ಎಲ್ಲೂ ಹೋಗಿಲ್ಲ ಮೇಡಂ, ನಿಮ್ಮ ಪಕ್ಕದಲ್ಲೇ ಇದ್ದೀನಿ," ಅಂದಳು ಅಕ್ಕ, ಲಾಡ್ಜಿನ ಅದೇ ದನಿಯಲ್ಲಿ. "ಎದುರಿಗೆ ನಿಂತ್ರೆ ಜಗಳ ಆಗುತ್ತೆ. ಪಕ್ಕದಲ್ಲಿ ನಿಂತ್ರೆ ಇಬ್ಬರೂ ಸೇರಿ ರೂಮ್ ಹುಡುಕಬಹುದು. ತಪ್ಪು ನಮ್ಮದು. ಬ್ಯಾಗ್ ಇಲ್ಲಿ ಕೊಡಿ. ನಿಂತೂ ನಿಂತೂ ಸುಸ್ತಾಗಿರ್ತೀರ..." ಹಿಂದಕ್ಕೆ ಕೈ ಹಾಕಿ ಕುರ್ಚಿಯನ್ನು ಮುಟ್ಟಿ ನೋಡಿದಳು. "ಮೊದಲು ಕೂತ್ಕೊಳ್ಳಿ. ನಿಮಗೆ ಅಂತಾನೇ ಕುರ್ಚಿ ತಂದಿದ್ದೀನಿ."

ನಾನು ಮೇಜಿನ ಸಂದಿಯಿಂದ ಇಣುಕಿದೆ. ಅಕ್ಕ ಮೆಲ್ಲಗೆ ಲ್ಯಾಪ್‌ಟಾಪನ್ನು ತನ್ನ ಕಡೆ ತಿರುಗಿಸಿದಳು. ಕಪ್ಪು ಕೋಟು, ಬೆನ್ನ ಮೇಲೆ ಆಮೆಯ ಚಿಪ್ಪಿನ ಹಾಗೆ ಕೆಂಪು ಕುರ್ಚಿ, ಮುಖದಲ್ಲಿ ಒಂದಿಷ್ಟೂ ಗಾಬರಿ ಇಲ್ಲ. ಮೇಡಂ ಮೊದಲು ತುಟಿ ಕಚ್ಚಿಕೊಂಡರು, ಆಮೇಲೆ ಕನ್ನಡಕ ತೆಗೆದರು. ಕೊನೆಗೆ ತಡೆಯಲಾಗದೆ ತಮ್ಮ ಮೇಜಿನ ಮೇಲೆ ಬಾಗಿ ನಕ್ಕೇ ನಕ್ಕರು.

"ನಮ್ಮವರಿಗೆ ಕೌಂಟರ್ ಬಿಟ್ಟು ಹೊರಗೆ ಬನ್ನಿ ಅಂತ ಹೇಳಿ ಹೇಳಿ ನನಗೆ ಸಾಕಾಗಿದೆ," ಅಂದರು ಕಣ್ಣೊರೆಸಿಕೊಳ್ಳುತ್ತ. "ಸರಿ, ಆ ಮೇಜಿನ ಕೆಳಗೆ ಇರೋರು ಯಾರು?"

"ನನ್ನ ತಮ್ಮ, ಮೇಡಂ. ಇಷ್ಟು ವರ್ಷದಲ್ಲಿ ನನಗೆ ಸಿಕ್ಕಿದ ಅತಿ ಕಷ್ಟದ ಗೆಸ್ಟು."

"ಇವನನ್ನೇ ನಿಭಾಯಿಸಿದ್ದೀರಿ ಅಂದ್ರೆ ಇನ್ನೇನು ಕೇಳೋದಿದೆ? ಕೆಲಸ ನಿಮ್ಮದೇ. ವೀಸಾ ಪೇಪರ್ಸ್ ಕಳಿಸ್ತೀವಿ. ಬರುವಾಗ ಕುರ್ಚಿ ತರಬೇಡಿ, ನಮ್ಮಲ್ಲಿ ಬೇಕಾದಷ್ಟಿವೆ."

ಪರದೆ ಕಪ್ಪಾಯಿತು. ಬಾಗಿಲ ಹಿಂದೆ ನಿಂತು ಕೇಳುತ್ತಿದ್ದ ಅಮ್ಮ ಓಡಿಬಂದು ಅಕ್ಕನನ್ನು ತಬ್ಬಿಕೊಳ್ಳಲು ನೋಡಿದಳು; ಹಿಂದಿನಿಂದ ಆಗಲಿಲ್ಲ, ಕುರ್ಚಿ ಅಡ್ಡ. ಮುಂದಿನಿಂದ ಬಂದು ತಬ್ಬಿಕೊಂಡು ಅಕ್ಕನ ತಲೆಗೂದಲನ್ನೆಲ್ಲ ಕೆದರಿಬಿಟ್ಟಳು. ಆಮೇಲೆ ಗಂಟು ನೋಡಿದಳು. ನನ್ನನ್ನು ನೋಡಿದಳು. ಮಿಷನ್ನಿನ ಮೇಲಿದ್ದ ಕತ್ತರಿಗೆ ಕೈ ಹಾಕಿದಳು.

"ಅಮ್ಮಾ, ಒಂದು ನಿಮಿಷ! ಆ ಕತ್ತರಿ ಗಂಟಿಗಾ, ನನ್ನ ಕಿವಿಗಾ?"

"ಕಿವಿ ನನಗಿರಲಿ ಅಮ್ಮ!" ಅಂತ ಅಕ್ಕ ಕುರ್ಚಿ ಸಮೇತ ನನ್ನ ಕಡೆ ನುಗ್ಗಿದಳು.

ಅಡುಗೆಮನೆ, ನಡುಮನೆ, ಹಿತ್ತಿಲಬಾಗಿಲು, ಎಲ್ಲಿ ಓಡಿದರೂ ಹಿಂದಿನಿಂದ ಕಟಕಟ, ಕಟಕಟ. ಮೇಜು ಅಡ್ಡ ಇಟ್ಟುಕೊಂಡು ತಪ್ಪಿಸಿಕೊಳ್ಳೋಣ ಅಂದರೆ ಅದೂ ಸಾಗಲಿಲ್ಲ. ನಮ್ಮಕ್ಕ ಮೇಜಿನ ಆ ಕಡೆ ನಿಲ್ಲುವವಳೇ ಅಲ್ಲವಲ್ಲ!