ಗ್ರೈಂಡರ್ ಮುಂದಿನ ಮಣೆ

ನಮ್ಮ ಬೀದಿಯ ದೊಡ್ಡಮ್ಮನ ಕೈರುಚಿ ಗೊತ್ತಿಲ್ಲದವರಿಲ್ಲ. ಹಿಂದಿನ ಬೀದಿಯ ಗ್ಯಾರೇಜಿನವರಿಗೆ, ಮರಗೆಲಸದವರಿಗೆ ಮಧ್ಯಾಹ್ನದ ಊಟ ಹೋಗುವುದು ಅವರ ಮನೆಯಿಂದಲೇ. ನಾನು ಪಕ್ಕದ ಮನೆಯ ಟೈಲರ್. ಕಣ್ಣು ಹೊಲಿಗೆ ಮಿಷನ್ ಮೇಲಿದ್ದರೂ ಮೂಗು ಅವರ ಒಲೆಯ ಕಡೆಗೇ ಇರುತ್ತದೆ.

ಅಡುಗೆಮನೆ ಮಾತ್ರ ಬೆಂಕಿಪೊಟ್ಟಣದಷ್ಟು. ಒಬ್ಬರು ಒಳಗೆ ಹೋಗಬೇಕಾದರೆ ಇನ್ನೊಬ್ಬರು ಹೊರಗೆ ಬರಬೇಕು. ಸೊಸೆ ಬಸುರಿ ಬೇರೆ. ಸೆಕೆಗೆ ತಲೆ ಸುತ್ತಿ ಬಾಗಿಲು ಹಿಡಿದು ನಿಲ್ಲುತ್ತಿದ್ದಳು. "ಈ ಹುಡುಗಿ ಹೀಗೆ ಬೇಯೋದು ಬೇಡ" ಎಂದು ದೊಡ್ಡಮ್ಮ ಹಿತ್ತಲಿಗೆ ತಗಡಿನ ಶೀಟ್ ಹೊದಿಸಿ, ಕಲ್ಲಿನ ಕಟ್ಟೆ ಕಟ್ಟಿಸಿಯೇಬಿಟ್ಟರು. ಆ ವಯಸ್ಸಿನಲ್ಲಿ ಆ ಹುಮ್ಮಸ್ಸು! ನೋಡಿ ನನಗೇ ಹೆಮ್ಮೆಯಾಯಿತು.

ಕರೆಂಟಿನ ಕೆಲಸಕ್ಕೆ ಅವರ ಮಗ ಕೈ ಹಾಕಿದ. ಅವನು ಗೂಡ್ಸ್ ಆಟೋ ಓಡಿಸುವವನು. ನಡುಮನೆಯ ಕಿಟಕಿಯಿಂದ ವೈರ್ ಎಳೆದು, ಹಳೆಯ ಎಕ್ಸ್‌ಟೆನ್ಷನ್ ಬಾಕ್ಸನ್ನು ನಲ್ಲಿಯ ಪಕ್ಕ ನೆಲದ ಮೇಲೆ ಇಟ್ಟ. ಅದಕ್ಕೆ ದೊಡ್ಡ ಗ್ರೈಂಡರ್ ಸಿಕ್ಕಿಸಿದ.

"ಅತ್ತೆ, ಮುಟ್ಟಿದ್ರೆ ಜುಮ್ ಅನ್ನುತ್ತೆ" ಎಂದಳು ಸೊಸೆ.

"ಅದು ಯಾವಾಗ್ಲೂ ಹಾಗೇ ಕಣೇ. ಮಣೆ ಮೇಲೆ ನಿಂತ್ಕೋ, ಏನೂ ಆಗಲ್ಲ."

ದೊಡ್ಡಮ್ಮನ ಪ್ರಕಾರ ಜುಮ್ ಎನ್ನುವುದು ಆ ಗ್ರೈಂಡರಿನ ಸ್ವಭಾವ. ಕೆಲವರಿಗೆ ಮೂಗಿನ ತುದಿಯಲ್ಲೇ ಕೋಪ ಇರುವುದಿಲ್ಲವೇ, ಹಾಗೆ. ಅದನ್ನು ಸಂಭಾಳಿಸಲೆಂದೇ ಒಂದು ಮರದ ಮಣೆ ಇಟ್ಟುಕೊಂಡಿದ್ದರು.

ನನಗೆ ಮನಸ್ಸು ತಡೆಯಲಿಲ್ಲ. ವೈರಿಂಗ್ ಅಕ್ಕನನ್ನು ಕರೆದುಕೊಂಡು ಬಂದೆ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಆಕೆ. ಬಂದವಳು ಯಾರನ್ನೂ ಬೈಯಲಿಲ್ಲ. ಮೊದಲು ಸ್ವಿಚ್ ಆಫ್ ಮಾಡಿಸಿದಳು. ಆಮೇಲೆ ಸುತ್ತ ನೋಡಿದಳು.

"ದೊಡ್ಡಮ್ಮ, ಈ ಮಣೆ ಯಾಕೆ ಇಲ್ಲಿ?"

"ನಿಂತ್ಕೊಂಡು ರುಬ್ಬೋಕೆ. ಶಾಕ್ ಹೊಡೆಯಲ್ಲ."

"ಇಳಿದ್ರೆ?"

ದೊಡ್ಡಮ್ಮ ಮಣೆಯನ್ನು ಕಾಲಿನಿಂದ ಗೋಡೆಯ ಕಡೆಗೆ ಸರಿಸಿದರು.

"ಹೊಡೆಯುತ್ತೆ ಅಂತ ನಿಮಗೇ ಗೊತ್ತು. ಅದಕ್ಕೇ ಮಣೆ ಇಟ್ಟಿದ್ದೀರ" ಎಂದು ಅಕ್ಕ ಮೆಲ್ಲಗೆ ಹೇಳಿದಳು.

"ಇಷ್ಟು ವರ್ಷ ರುಬ್ಬಿದ್ದೀನಮ್ಮ, ಗುಂಡುಕಲ್ಲಿನ ಹಾಗಿದ್ದೀನಿ. ಏನಾಯ್ತು ನನಗೆ?"

"ನೀವು ಗಟ್ಟಿಗಿತ್ತಿ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಆಗ ಒಳಗಿದ್ರಿ, ನೆಲ ಒಣಗಿತ್ತು. ಇಲ್ಲಿ ನಲ್ಲಿ ಇದೆ, ಮಳೆ ಇದೆ. ಒದ್ದೆ ನೆಲದಲ್ಲಿ ಅದು ಜುಮ್ ಅನ್ನಲ್ಲ, ಜೀವ ತೆಗೆಯುತ್ತೆ. ಮಣೆ ಒದ್ದೆಯಾದ್ರೂ ಅಷ್ಟೇ. ಇವಳು ಒಂದು ಕೈಲಿ ನಲ್ಲಿ ಹಿಡಿದು, ಇನ್ನೊಂದು ಕೈಲಿ ಗ್ರೈಂಡರ್ ಮುಟ್ಟಿದ್ರೆ? ಹೊಟ್ಟೇಲಿರೋ ಕೂಸಿಗೆ ಯಾವ ಮಣೆ ಕೊಡ್ತೀರ ದೊಡ್ಡಮ್ಮ?"

ಅಕ್ಕ ಪ್ಲಗ್ ಕಿತ್ತು ಮಗನಿಗೆ ತೋರಿಸಿದಳು. ಅದರಲ್ಲಿ ಎರಡೇ ಪಿನ್ ಇದ್ದವು.

"ದಪ್ಪ ಪಿನ್ ಎಲ್ಲಪ್ಪ?"

"ಬಾಕ್ಸಿಗೆ ಹೋಗ್ತಿರಲಿಲ್ಲ, ಗ್ರೈಂಡರ್ ತಂದಾಗ್ಲೇ ಕಿತ್ತು ಹಾಕಿದ್ದೆ. ಎರಡರಲ್ಲೇ ಓಡುತ್ತಲ್ಲ ಅಕ್ಕ?"

"ಓಡುತ್ತೆ. ಬ್ರೇಕ್ ಇಲ್ದೆ ನಿನ್ನ ಆಟೋನೂ ಓಡುತ್ತೆ!"

ಅವನು ತಲೆ ಕೆರೆದುಕೊಂಡ. ಸೊಸೆ ಸೆರಗು ಬಾಯಿಗೆ ಹಿಡಿದು ನಕ್ಕಳು.

"ಆ ಪಿನ್ ಅರ್ಥಿಂಗಿಗೆ. ಸೋರಿದ ಕರೆಂಟನ್ನ ಭೂಮಿಗೆ ಇಳಿಸೋ ದಾರಿ ಅದು. ಅದನ್ನ ಮುಚ್ಚಿದ್ರೆ ಕರೆಂಟ್ ನಮ್ಮ ಮೈಯನ್ನೇ ದಾರಿ ಮಾಡ್ಕೊಳ್ಳುತ್ತೆ."

ದೊಡ್ಡಮ್ಮ ಸೊಸೆಯ ಬರಿಗಾಲನ್ನೇ ನೋಡುತ್ತಿದ್ದರು. ಆಮೇಲೆ ಬಗ್ಗಿ ಮಣೆಯನ್ನು ಕಂಕುಳಿಗೆ ಸೇರಿಸಿಕೊಂಡರು. "ಎಲ್ಲಾ ಬಿಚ್ಚಾಕು ತಾಯಿ. ಸರಿಯಾಗಿ ಮಾಡಿಕೊಡು. ಅಲ್ಲೀವರೆಗೂ ಆ ಗ್ರೈಂಡರನ್ನ ಯಾರೂ ಮುಟ್ಟಕೂಡದು, ನಾನೂ ಅಷ್ಟೇ." ಹಟಮಾರಿ ಎಂದು ಹೆಸರಾದ ಹೆಂಗಸು, ಸರಿ ಎನಿಸಿದ್ದನ್ನು ಆ ಕ್ಷಣವೇ ಒಪ್ಪಿಕೊಂಡರು. ಅಂಥ ದೊಡ್ಡತನ ಎಲ್ಲರಿಗೂ ಬರುವುದಿಲ್ಲ.

ಅಕ್ಕನ ಕೆಲಸವನ್ನು ನಾನು ಟೈಲರ್ ಕಣ್ಣಿನಲ್ಲಿ ನೋಡಿದೆ. ಎಲ್ಲೂ ಒಂದು ಸಡಿಲ ಹೊಲಿಗೆ ಇಲ್ಲ. ಮೇನ್ ಆಫ್ ಮಾಡಿ, ಹಿತ್ತಲಿಗೇ ಬೇರೆ ಲೈನನ್ನು ಪೈಪಿನೊಳಗೆ ತಂದಳು. ನಲ್ಲಿಯಿಂದ ದೂರ, ನೀರು ಸಿಡಿಯದಷ್ಟು ಎತ್ತರದಲ್ಲಿ, ಮುಚ್ಚಳವಿರುವ ಸಾಕೆಟ್ ಹಾಕಿದಳು. ಅರ್ಥಿಂಗ್ ಕೊಟ್ಟಳು. ಗ್ರೈಂಡರಿನೊಳಗಿನ ಸೋರಿಕೆ ಸರಿಮಾಡಿ ಮೂರು ಪಿನ್ನಿನ ಹೊಸ ಪ್ಲಗ್ ಕಟ್ಟಿದಳು. ಕೊನೆಗೆ ಬೋರ್ಡಿನಲ್ಲಿ ಒಂದು ಪುಟ್ಟ ಡಬ್ಬಿ ಕೂರಿಸಿದಳು.

"ಇದು ಆರ್‌ಸಿಸಿಬಿ. ಕರೆಂಟ್ ಸೋರಿದ್ರೆ ತಾನೇ ಆಫ್ ಆಗುತ್ತೆ. ತಿಂಗಳಿಗೊಂದು ಸಲ ಈ ಟೆಸ್ಟ್ ಬಟನ್ ಒತ್ತಿ. ಇದರ ಸ್ವಿಚ್ ಟಕ್ ಅಂತ ಕೆಳಗೆ ಬಿದ್ರೆ ಸರಿಯಾಗಿದೆ ಅಂತ ಅರ್ಥ. ಬೀಳದಿದ್ರೆ ನನ್ನ ಕರೀರಿ."

ಆಮೇಲೊಂದು ಮಧ್ಯಾಹ್ನ ಜೋರು ಮಳೆ. ಸೊಸೆ ಹಿತ್ತಲ ಕಟ್ಟೆಯ ಮೇಲೆ ಓಡುತ್ತಿದ್ದ ಮಿಕ್ಸಿಯನ್ನು ಒದ್ದೆ ಕೈಯಲ್ಲೇ ಪಕ್ಕಕ್ಕೆ ಎಳೆದಳು. ಕೈಗೆ ಚುರ್ ಎಂದಿತು, ಅಷ್ಟರಲ್ಲಿ ಬೋರ್ಡಿನ ಡಬ್ಬಿ ಟಕ್ ಎಂದು ಕರೆಂಟ್ ಕಡಿಯಿತು!

"ಏನು ಬಂತಪ್ಪ ಈ ಡಬ್ಬಿಗೆ, ಅರ್ಧ ಅಡುಗೇಲಿ!" ಎಂದು ಗೊಣಗುತ್ತ ಬಂದ ದೊಡ್ಡಮ್ಮ, ಮಿಕ್ಸಿಯ ವೈರ್ ನೋಡಿ ಸೊಸೆಯನ್ನು ಹಿಂದಕ್ಕೆ ಎಳೆದುಕೊಂಡರು. ಇಲಿ ಕಚ್ಚಿ ಒಳಗಿನ ತಂತಿ ಹೊರಗೆ ಬಂದಿತ್ತು. ಸೊಸೆಯ ಕೈಯನ್ನು ಎದೆಗೆ ಒತ್ತಿಕೊಂಡು ಅತ್ತೇಬಿಟ್ಟರು. ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ತಾಯಿಗೂ ಮಗುವಿಗೂ ಏನೂ ಆಗಿಲ್ಲ ಎಂದರು ಡಾಕ್ಟರು.

ಈಗ ಆ ಮಣೆಯ ಮೇಲೆ ದೊಡ್ಡಮ್ಮ ಕೂತು ಮೊಮ್ಮಗಳಿಗೆ ತುತ್ತು ತಿನ್ನಿಸುತ್ತಾರೆ. "ಮಣೆ ಇರೋದು ಕೂರೋಕೆ ಕಣ್ರೀ" ಎಂದು ಬಂದವರಿಗೆಲ್ಲ ಹೇಳುತ್ತಾರೆ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಗ್ರೈಂಡರ್ ಮುಂದೆಯೂ ಒಂದು ಮಣೆಯೋ ಗೋಣಿಚೀಲವೋ ಬಿದ್ದಿದೆಯೇ? ಹಾಗಿದ್ದರೆ ಅದು ನಿಮಗೇನೋ ಹೇಳುತ್ತಿದೆ. ಒಣಗಿದ ಕೈಯಲ್ಲಿ ಸ್ವಿಚ್ ಆಫ್ ಮಾಡಿ, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಬಂದು ಸರಿಮಾಡುವವರೆಗೆ ಗ್ರೈಂಡರ್ ಬಳಸಬೇಡಿ. ದಪ್ಪ ಪಿನ್ ಕೀಳಬೇಡಿ. ಯಾರಿಗಾದರೂ ಕರೆಂಟ್ ಹಿಡಿದರೆ ಓಡಿಹೋಗಿ ಮುಟ್ಟಬೇಡಿ, ಮೊದಲು ಮೇನ್ ಆಫ್ ಮಾಡಿ. ಹಿತ್ತಲಲ್ಲಿ ಅಡುಗೆ ಶುರುಮಾಡುವ ಮೊದಲು ನಿಮ್ಮ ಬೋರ್ಡಿನಲ್ಲಿ ಆರ್‌ಸಿಸಿಬಿ ಇದೆಯೇ, ಟೆಸ್ಟ್ ಬಟನ್ ಒತ್ತಿದರೆ ಟಕ್ ಎನ್ನುತ್ತದೆಯೇ, ಇವತ್ತೇ ನೋಡಿ.